ಭಾಗ್ಯಾಳ ಸೀಟು

ಶಿಗ್ಲಿಯಿಂದ ಲಕ್ಷ್ಮೇಶ್ವರದ ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಭಾಗ್ಯಾಳನ್ನು ದಿನಾ ಕಾಡುತ್ತಿದ್ದರು. ಕಡೆಗೊಮ್ಮೆ ಅವಳು ತನ್ನದೇ ಹತ್ತನೆಯ ತರಗತಿಯ ಹೊನ್ನೇಶನನ್ನು ತಡೆದು ನಿಲ್ಲಿಸಿದಳು.

"ಪರೀಕ್ಷಾ ಮುಗಿಯೂತನಾ ನನ್ನ ಹುಡುಗ ಅಂತ ನಾಟಕ ಮಾಡ್ತೀಯೇನೋ?"

"ನಾನಾ? ನನ್ನ ನೋಡಿ ಯಾರ ಹೆದರ್ತಾರ?"

"ಹೆದರೂದು ಬ್ಯಾಡ. ಬಾಜೂಕ ಕುಂಡ್ರಾಕ ಒಬ್ಬಾಂವ ಇದ್ರ ಸಾಕು."

ಮೀಸೆ ಮೂಡದ ಹೊನ್ನೇಶನಿಗೆ ಸಿಕ್ಕ ಮೊದಲ ನೌಕರಿ ಅದು. ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಕರ್ಚೀಫು ಎಸೆದು ಇಬ್ಬರಿಗೂ ಸೀಟು ಹಿಡಿಯುತ್ತಿದ್ದ. ಹುಡುಗರು ಸುಮ್ಮನಾದರು. ಆಮೇಲೂ ಭಾಗ್ಯಾ, ನಾಟಕಕ್ಕೆಂದು ಶುರುಮಾಡಿದ್ದ, ಅವನ ಊಟದ ಡಬ್ಬಿಯ ಶೇಂಗಾ ಹಿಂಡಿ ಕದಿಯುವುದನ್ನು ಬಿಡಲಿಲ್ಲ. ಅವನು ಕರ್ಚೀಫನ್ನು ದಿನಾ ತಾನೇ ಒಗೆದು ಇಸ್ತ್ರಿ ಮಾಡತೊಡಗಿದ.

ಕೊನೆಯ ಪರೀಕ್ಷೆಯ ದಿನ ಬಸ್ಸಿಳಿದವಳೇ ಕೇಳಿದಳು: "ನಾಟಕ ಮುಗೀತಲ್ಲ. ನಿನಗೇನೂ ಅನಸಲಿಲ್ಲೇನು?"

ಅನಿಸಿತೆಂದರೆ ನಕ್ಕಾಳೆಂದು ಹೆದರಿ ನಮ್ಮ ಶಾಣ್ಯಾ ಹೊನ್ನೇಶ, "ಸೀಟ್ ಹಿಡದ ಹಿಡದ ಸಾಕಾಗೇತಿ ಬಿಡವಾ" ಎಂದುಬಿಟ್ಟ.

ಅವಳು ನಗಲಿಲ್ಲ. "ಆತು ಬಿಡಪಾ" ಎಂದು ಮನೆಯ ದಾರಿ ಹಿಡಿದಳು. ಆ ಬೇಸಿಗೆಯಲ್ಲೇ ಅವಳನ್ನು ಮುಂದಿನ ಓದಿಗೆಂದು ಮುಂಡರಗಿಯ ಸೋದರಮಾವನ ಮನೆಗೆ ಕಳಿಸಿದರು.

ಈಗ ಹೊನ್ನೇಶ ಗದಗಿನ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮೀಸೆ ಬಂದಿದೆ, ಬುದ್ಧಿ ಅದಕ್ಕಿಂತ ತಡವಾಗಿ ಬಂದಿದೆ. ಸಂಜೆ ಊರಿನ ಬಸ್ಸಿನಲ್ಲಿ ಇಂದಿಗೂ ಕರ್ಚೀಫು ಎಸೆದು ಇಬ್ಬರ ಸೀಟು ಹಿಡಿಯುತ್ತಾನೆ. ನಿನ್ನೆ ಮುದುಕಿಯೊಬ್ಬಳು ಕೇಳಿದಳು: "ಇಲ್ಲಿ ಯಾರರ ಬರಾವ್ರ ಅದಾರೇನಪಾ?"

ಹೊನ್ನೇಶ ಕರ್ಚೀಫು ಎತ್ತಿಕೊಂಡು ಕಿಟಕಿಯ ಕಡೆ ಸರಿದ.

"ಯಾರೂ ಬರಂಗಿಲ್ಲಬೇ ಆಯಿ, ಕುಂಡ್ರು."