ಹೊಸ್ತಿಲಡಿಯ ಬೆಳ್ಳಿ

ನಿಮಗೊಂದು ವಿಷಯ ಹೇಳುತ್ತೇನೆ, ನಗಬಾರದು. ನಿವೃತ್ತಿಯಾದ ಮೇಲೆ ಜನ ವಾಯುವಿಹಾರಕ್ಕೆಂದು ಬೂಟು ಕೊಳ್ಳುತ್ತಾರೆ. ನಾನು ಮೆಟಲ್ ಡಿಟೆಕ್ಟರ್ ಕೊಂಡೆ. ಉದ್ದ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ಜೀವಮಾನವೆಲ್ಲ ಶಾಲೆಯಲ್ಲಿ ಇತಿಹಾಸ ಕಲಿಸಿದವನಿಗೆ ಒಂದಾದರೂ ಹಳೆಯ ಬೆಳ್ಳಿ ನಾಣ್ಯವನ್ನು ಸ್ವಂತ ಕೈಯಿಂದ ಅಗೆದು ತೆಗೆಯುವ ಆಸೆ.

ನಮ್ಮ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಒಂದು ತಿಂಗಳು ತಿರುಗಿದೆ. ಸಿಕ್ಕದ್ದು ಸೋಡಾ ಬಾಟಲಿಯ ಮುಚ್ಚಳಗಳು, ಯಾರದೋ ಬೆಲ್ಟಿನ ಬಕಲ್ ಮತ್ತು ಒಂದು ಚಮಚ. ವಾಕಿಂಗಿಗೆ ಬಂದವರು ನನ್ನನ್ನು ನೀರಿನ ಇಲಾಖೆಯವನೆಂದು ತಿಳಿದು ಪೈಪು ಸೋರುವ ಜಾಗ ತೋರಿಸುತ್ತಿದ್ದರು. ಹೆಂಡತಿ ಶಾಂತಾ ಆ ಚಮಚವನ್ನು ತಿಕ್ಕಿ ತೊಳೆದು, "ಇದೊಂದು ಉಪಯೋಗಕ್ಕ ಬಂತು ನೋಡ್ರಿ" ಎಂದು ಉಪ್ಪಿನ ಡಬ್ಬಿಗೆ ಹಾಕಿದಳು. ಅವಳೆದುರು ಯಂತ್ರದ ಮಾನ ಉಳಿಸುವುದೇ ಅಂದಿನಿಂದ ನನ್ನ ಏಕೈಕ ಗುರಿಯಾಯಿತು.

ಅಷ್ಟರಲ್ಲಿ ಅವಳ ತವರೂರು ಸುಳ್ಳದಲ್ಲಿ ಅವಳ ಅಣ್ಣ ಬಸಣ್ಣ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟ. ನಾನು ಯಂತ್ರದ ಸಮೇತ ಹಾಜರಾದೆ. ಹಳೆಯ ಬಾಗಿಲಿದ್ದ ಜಾಗದಲ್ಲಿ ಅದು ಕುಂಯ್‌ಗುಟ್ಟಿತು. ಒಂದು ಮೊಳ ಅಗೆದರೆ ಎರೆಮಣ್ಣಿನ ಹೆಂಟೆಯೊಳಗೆ ಐದು ಬೆಳ್ಳಿ ನಾಣ್ಯಗಳು, ಕಿರೀಟ ತೊಟ್ಟ ರಾಣಿಯವು. ಅಲ್ಲಿಯೇ ನಿಂತು ಪಾಠ ಶುರು ಮಾಡಿದೆ. ಸೈನ್ಯವೊಂದು ಈ ದಾರಿಯಲ್ಲಿ ಹಾದುಹೋಗಿರಬಹುದು, ಯಾವನೋ ವ್ಯಾಪಾರಿ ಕಳ್ಳರಿಗೆ ಹೆದರಿ ಹುಗಿದಿರಬಹುದು ಎಂದೆಲ್ಲ ವಿವರಿಸಿದೆ. ಮನೆ ಕಟ್ಟಲು ಬಂದಿದ್ದ ಗೌಂಡಿಗಳು ಕೆಲಸ ಬಿಟ್ಟು ಕೇಳಿದರು. ತರಗತಿಯಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ.

ಶಾಂತಾಳ ತಾಯಿ ಗಂಗವ್ವನೂ ಕೇಳಿಸಿಕೊಂಡರು.

"ಸೈನ್ಯ ಎಲ್ಲಿಂದ ಬರತೈತ್ರಿ? ಮನಿ ಕಟ್ಟೂಮುಂದ ನಮ್ಮ ಅತ್ತಿಯವರು ಹೊಸ್ತಲ ಬುಡಕ ಇಟ್ಟದ್ದು ಅವು. ಬೆಳ್ಳಿ ಇಡೂದು ಪದ್ಧತಿ. ಎಲ್ಲಾರಿಗೂ ಗೊತ್ತೈತಿ." ಕೈ ಚಾಚಿ ಐದನ್ನೂ ಇಸಿದುಕೊಂಡರು. "ಹೊಸ ಹೊಸ್ತಲಕ್ಕ ಬೇಕಾಗಿದ್ವು. ಮನಿ ಅಳಿಯಾ ಅದೀರಿ, ನೀವೂ ಒಂದು ಕೂಡಿಸಿ ಇಡ್ರಿ."

ಗೌಂಡಿಗಳು ಕೆಲಸಕ್ಕೆ ಮರಳಿದರು. ನಾಣ್ಯದ ಮೇಲಿನ ರಾಣಿಯ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ನಾಣ್ಯವನ್ನು ನೆಲದಲ್ಲಿಟ್ಟವರ ಬಗ್ಗೆ ಯಾವ ಪುಸ್ತಕದಲ್ಲೂ ಒಂದು ಸಾಲಿರಲಿಲ್ಲ. ನನಗೆ ನಾಚಿಕೆಯಾಯಿತು.

ಹೀಗೆ ಭೂಮಿಯೊಳಗಿನ ಬೆಳ್ಳಿ ತೆಗೆಯಲು ಹೊರಟ ನಾನು ಧಾರವಾಡದ ಪೇಟೆಯಲ್ಲಿ ಬೆಳ್ಳಿ ಕೊಂಡು ಭೂಮಿಗೆ ಹಾಕಿದೆ. ಅರಿಷಿಣ ಕುಂಕುಮ ಹಚ್ಚಿ ಆರನ್ನೂ ಸಾಲಾಗಿ ಇಟ್ಟಾಗ, ನಿಜ ಹೇಳಬೇಕೆಂದರೆ, ತೆಗೆದ ದಿನಕ್ಕಿಂತ ಹೆಚ್ಚು ಸಂತೋಷವಾಯಿತು.

ಮೇಲೆ ಹೊಸ್ತಿಲು, ಚೌಕಟ್ಟು ಕೂತಾದ ಮೇಲೆ ಶಾಂತಾ ಯಂತ್ರವನ್ನು ಮೊದಲ ಸಲ ತಾನೇ ಕೈಗೆತ್ತಿಕೊಂಡಳು. ಹೆಡ್‌ಫೋನು ಕಿತ್ತಿಟ್ಟು ಬಾಗಿಲ ಬಳಿ ಹಿಡಿದಳು. ಅದು ಊರಿಗೆಲ್ಲ ಕೇಳುವಂತೆ ಕೂಗಿತು.

"ಖರೇನ ಛಲೋ ಐತ್ರಿ ಇದು. ನೀವು ಇಟ್ಟದ್ದು ಬರೋಬ್ಬರಿ ಹೇಳತೈತಿ" ಎಂದಳು.

ಅದು ಕೂಗಿದ್ದು ಚೌಕಟ್ಟಿಗೆ ಬಡಿದ ಕಬ್ಬಿಣದ ಪಟ್ಟಿಗೆ ಎಂದು ನಾನು ಇಂದಿಗೂ ಅವಳಿಗೆ ಹೇಳಿಲ್ಲ.