ಮಂತ್ರಿಯ ಹೆಸರು ಹಾಕಿ ಹಾಡುವ ಇಬ್ಬರು

ನನ್ನ ಮಗಳ ಕೋಣೆಯ ಗೋಡೆಯ ಮೇಲೆ ಒಬ್ಬ ಗಂಡಸು ಬಂದು ಠಿಕಾಣಿ ಹೂಡಿದ್ದಾನೆ. ವಯಸ್ಸು ನನಗಿಂತ ಜಾಸ್ತಿ. ತಲೆಗೂದಲು ನನಗಿಂತ ಕಡಿಮೆ. (ಹತ್ತಿರ ಹೋಗಿ ಖಾತ್ರಿ ಮಾಡಿಕೊಂಡಿದ್ದೇನೆ.)

ಹೆಸರು ಡೆಂಬಾ. ಪಶ್ಚಿಮ ಆಫ್ರಿಕಾದ ಕಡಲತೀರದ ಪುಟ್ಟ ದೇಶವೊಂದರ ಪಾಪ್ ಗಾಯಕ. ಹದಿನಾರರ ಹುಡುಗಿ ಗೋಡೆಗೆ ಅಂಟಿಸಲು ನಾವಿರುವ ಈ ಲಂಡನ್ನಿನಲ್ಲಿ ಚಿಕ್ಕ ವಯಸ್ಸಿನ ಹುಡುಗರಿಗೇನು ಬರವೇ? ಅಂಥವರಾದರೆ ಬೈದು ಸುಮ್ಮನಾಗುತ್ತಿದ್ದೆ. ಅಪ್ಪನ ವಯಸ್ಸಿನವನನ್ನು ಅಂಟಿಸಿಕೊಂಡರೆ ಅಪ್ಪನಿಗೆ ಮೈ ಉರಿಯದೇ ಇರುತ್ತದೆಯೇ?

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮಗಳು ನಿಧಿ ಅವನ ಹಾಡುಗಳನ್ನು ಅವನ ಭಾಷೆಯಲ್ಲೇ ಬಾಯಿಪಾಠ ಮಾಡಿದ್ದಾಳೆ. ಒಂದೊಂದು ಪದದ ಅರ್ಥವನ್ನೂ ಹೇಳುತ್ತಾಳೆ. ನಾನು "ಊಟ ಆಯ್ತಾ ಪುಟ್ಟಾ?" ಅಂದರೆ "ಯಾ, ಐ ಏಟ್" ಅನ್ನುವ ಹುಡುಗಿ ಇವಳು!

ನಾನೂ ಹಾಡುವವನೇ ಸ್ವಾಮಿ. ಇಲ್ಲಿನ ಕನ್ನಡ ಸಂಘದ ವೇದಿಕೆಯಲ್ಲಿ ವರ್ಷಗಳಿಂದ ಹಾಡುತ್ತಿದ್ದೇನೆ. ಒಂದು ಸಲವಾದರೂ ಅದರ ಅರ್ಥ ಏನೆಂದು ಕೇಳಿದ್ದಾಳೆಯೇ?

ನನ್ನದು ಸ್ವಾಗತಗೀತೆಯ ವಿಭಾಗ. ಬೆಂಗಳೂರಿನಿಂದ ಮಂತ್ರಿಗಳು ಅಧ್ಯಯನ ಪ್ರವಾಸಕ್ಕೆ ಬರುತ್ತಾರೆ. (ಬೇಸಿಗೆಯಲ್ಲಿ ಅಧ್ಯಯನ ಸ್ವಲ್ಪ ಜಾಸ್ತಿ.) ಸಂಘದವರು ಶಾಲು, ಹಾರ, ಹಣ್ಣಿನ ಬುಟ್ಟಿ ರೆಡಿ ಮಾಡಿದರೆ, ನಾನು ಹಾಡು ರೆಡಿ ಮಾಡುತ್ತೇನೆ. "ಬನ್ನಿರಿ ಬನ್ನಿರಿ ಜನನಾಯಕರೇ, ಥೇಮ್ಸ್ ತೀರಕೆ ಸ್ವಾಗತ" ಎಂದು ಶುರು. ಎರಡನೆಯ ಸಾಲಿನಲ್ಲಿ ಮಂತ್ರಿಗಳ ಹೆಸರು. ಸರ್ಕಾರ ಬದಲಾದರೆ ಹೆಸರು ಬದಲಾಯಿಸುತ್ತೇನೆ, ಹಾಡು ಅದೇ. ಉದ್ದ ಹೆಸರಿನವರು ಬಂದರೆ ತಬಲಾದವರು ಗೊಣಗುತ್ತಾರೆ. ಕೊನೆಯಲ್ಲಿ ನನಗೂ ಒಂದು ಶಾಲು ಸಿಗುತ್ತದೆ.

ಹೋದ ಭಾನುವಾರ ಮಧ್ಯಾಹ್ನ ವಿಲ್ಸ್‌ಡನ್ ಕಡೆಯ ಒಂದು ಹಾಲ್‌ನಲ್ಲಿ ಡೆಂಬಾನ ಕಾರ್ಯಕ್ರಮವಿತ್ತು. ನಿಧಿಯ ಜೊತೆಗೆ ದೊಡ್ಡವರೊಬ್ಬರು ಹೋಗಬೇಕು. "ರೀ, ನೀವೇ ಹೋಗ್ಬನ್ನಿ, ಹೊಟ್ಟೆಕಿಚ್ಚಾದ್ರೂ ಕಮ್ಮಿಯಾಗತ್ತೆ" ಎಂದಳು ಹೆಂಡತಿ ಸುಧಾ. ನನಗೆಲ್ಲಿಯ ಹೊಟ್ಟೆಕಿಚ್ಚು?

ಕ್ವೀನ್ಸ್‌ಬರಿಯಲ್ಲಿ ಟ್ಯೂಬ್ ರೈಲು ಹತ್ತಿದ್ದೇ ತಡ, ನಿಧಿ ಅವನ ಪುರಾಣ ಬಿಚ್ಚಿದಳು. ಮೀನುಗಾರರ ಮನೆಯ ಹುಡುಗ. ಮೊದಮೊದಲು ಪ್ರೇಮಗೀತೆ ಹಾಡಿ ಹೆಸರು ಮಾಡಿದ. ಒಂದು ದಿನ ಅವನ ಅಕ್ಕನನ್ನು ಹೆರಿಗೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸನ್ನು ಪೊಲೀಸರು ನಿಲ್ಲಿಸಿದರು. ಮಂತ್ರಿಯ ಕಾರುಗಳ ಸಾಲು ಹೋಗಬೇಕಿತ್ತು. ಅಕ್ಕ ದಾರಿಯಲ್ಲೇ ತೀರಿಕೊಂಡಳು. ಆಮೇಲೆ ಅವನು ಕಟ್ಟಿದ ಹಾಡು, ನಿಮ್ಮ ಕಾರು ಮೊದಲು ಹೋಗಲಿ ಸಾಹೇಬರೇ, ಎಂದು. ಪಲ್ಲವಿಯಲ್ಲಿ ಮಂತ್ರಿಯ ಪೂರ್ತಿ ಹೆಸರು. ರೇಡಿಯೋದಲ್ಲಿ ನಿಷೇಧ ಬಿತ್ತು. ಕ್ಯಾಸೆಟ್ಟುಗಳು ಮೀನಿನ ಬುಟ್ಟಿಯ ಅಡಿಯಲ್ಲಿ ಊರೂರು ಸುತ್ತಿದವು. ಅವನು ಜೈಲಿಗೆ ಹೋದ, ಬಿಟ್ಟ ಮೇಲೆ ಲಂಡನ್ನಿಗೆ ಓಡಿ ಬಂದ. ಸರ್ಕಾರ ಬದಲಾಯಿತು, ಹೊಸಬರು ಮರ್ಯಾದೆಯಿಂದ ವಾಪಸ್ ಕರೆಸಿಕೊಂಡರು. ಹೋಗಿ ನೋಡಿದರೆ ಹೊಸ ಮಂತ್ರಿಗೂ ಹಾಗೇ ರಸ್ತೆ ಖಾಲಿ ಮಾಡಿಸುತ್ತಿದ್ದರು. ಹೆಸರು ಬದಲಾಯಿಸಿದ, ಹಾಡು ಅದೇ. ಮತ್ತೆ ನಿಷೇಧ, ಮತ್ತೆ ಲಂಡನ್.

ಅಕ್ಕನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನಿಧಿ ನಿಲ್ಲಿಸಬೇಕಲ್ಲ! "ಹಿ ಪ್ಯಾಕ್ಡ್ ಸ್ಯಾಂಡ್‌ವಿಚಸ್ ಇನ್ ಎ ಪಾರ್ಕ್ ರಾಯಲ್ ಫ್ಯಾಕ್ಟರಿ, ಡ್ಯಾಡ್!" ಎಂದು ಕಣ್ಣು ತುಂಬಿಕೊಂಡಳು. ಬಂದ ಹೊಸದರಲ್ಲಿ ಅದೇ ಪಾರ್ಕ್ ರಾಯಲ್‌ನ ಗೋಡೌನಿನಲ್ಲಿ ನಾನೂ ಪೆಟ್ಟಿಗೆ ಹೊತ್ತವನೇ. ಆ ಕಥೆ ತೆಗೆದಾಗಲೆಲ್ಲ ಇವಳು ಟಿವಿಯ ವಾಲ್ಯೂಮ್ ಜಾಸ್ತಿ ಮಾಡಿದ್ದಾಳೆ. ಅವನು ಮಾಡಿದರೆ ಹೋರಾಟ, ನಾನು ಮಾಡಿದರೆ ಬೋರ್!

ಹಾಲ್‌ನಲ್ಲಿ ಕೂತು, ಅವನ ಶ್ರುತಿ ತಪ್ಪಲಿ ಎಂದು ಕಾದೆ. ತಪ್ಪಿತು ಕೂಡ. ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಮಂತ್ರಿಯ ಹೆಸರು ಬರುವ ಜಾಗದಲ್ಲಿ ಅವನು ಸುಮ್ಮನೆ ನಿಂತುಬಿಟ್ಟ. ನರ್ಸ್ ಯೂನಿಫಾರ್ಮಿನಲ್ಲೇ ಬಂದಿದ್ದ ಹೆಂಗಸರು, ಮುದುಕರು, ನನ್ನ ಮಗಳು, ಎಲ್ಲರೂ ಸೇರಿ ಆ ಹೆಸರನ್ನು ಕೂಗಿದರು. ಪಕ್ಕದ ಅಜ್ಜಿ ಅಳುತ್ತಿದ್ದಳು. ನಾನು ಮಂತ್ರಿಯ ಹೆಸರು ಹಾಡುವಾಗ ಗಮನವಿಟ್ಟು ಕೇಳುವವರು ಮಂತ್ರಿ ಒಬ್ಬರೇ.

ಮುಗಿದ ಮೇಲೆ ಬಾಗಿಲ ಬಳಿ ಮೇಜು ಹಾಕಿಕೊಂಡು ಸಿ.ಡಿ.ಗಳಿಗೆ ಸಹಿ ಹಾಕುತ್ತಿದ್ದ. "ಮೈ ಡ್ಯಾಡ್ ಸಿಂಗ್ಸ್ ಟೂ" ಎಂದಳು ನಿಧಿ. ಏನು ಹಾಡುತ್ತೀರಿ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

"ನಾನೂ ಮಂತ್ರಿಗಳ ಹೆಸರು ಹಾಕಿ ಹಾಡುತ್ತೇನೆ" ಎಂದುಬಿಟ್ಟೆ. (ಒಂದಕ್ಷರವೂ ಸುಳ್ಳಲ್ಲ, ನೋಡಿ.)

ಅವನು ಎದ್ದು, ಮೇಜು ಬಳಸಿ ಬಂದು, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ. "ಅವರು ನಿಮಗೇನು ಮಾಡಿದರು, ಬ್ರದರ್?"

"ಶಾಲು ಹೊದಿಸಿದರು."

"ಆಮೇಲೆ?"

"ಹಣ್ಣು ಕೊಟ್ಟರು."

ಅವನ ದೇಶದಲ್ಲಿ ಅದು ಯಾವ ಬಗೆಯ ಚಿತ್ರಹಿಂಸೆಯೋ! ನನ್ನ ಬೆನ್ನು ಸವರಿ, ಧೈರ್ಯವಾಗಿರಿ ಎಂದ. ಆದರೆ ನಮ್ಮ ಬೀರುವಿನಲ್ಲಿ ಎಷ್ಟು ಶಾಲುಗಳಿವೆಯೆಂದು ನಿಧಿಗೆ ಗೊತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ವಾಪಸ್ ಬರುವಾಗ ಟ್ಯೂಬಿನಲ್ಲಿ, ಎಷ್ಟೋ ವರ್ಷಗಳ ಮೇಲೆ, ತಾನಾಗಿಯೇ ಕನ್ನಡದಲ್ಲಿ ಕೇಳಿದಳು. "ಅಪ್ಪಾ, ನಿನ್ ಹಾಡಲ್ಲಿ ಮಿನಿಸ್ಟರ್‌ಗೆ ಏನ್ ಹೇಳ್ತೀಯಾ?"

"ಬನ್ನಿ ಅಂತೀನಿ."

"ಅಷ್ಟೇನಾ?"

"ಇಲ್ಲ, ಎರಡು ಸಲ ಅಂತೀನಿ."

ಅವಳು ನಗಲಿಲ್ಲ. "ಈ ಸಲ ನಾನೂ ಬರ್ತೀನಿ, ಕೇಳಕ್ಕೆ" ಎಂದಳು.

ಬರುವ ಶನಿವಾರ ಇನ್ನೊಬ್ಬರು ಮಂತ್ರಿಗಳ ಸನ್ಮಾನ. ಮಗಳು ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಎಷ್ಟು ವರ್ಷ ಆಸೆಪಟ್ಟಿದ್ದೆ! ಈಗ ಕೂರುತ್ತಾಳೆ, ಒಂದೊಂದು ಪದದ ಅರ್ಥವನ್ನೂ ಸುಧಾಳಿಂದ ಕೇಳಿಕೊಂಡು. ಸ್ವಾಗತದ ನಡುವೆ ಮಂತ್ರಿಗಳಿಗೆ ಒಂದು ಪ್ರಶ್ನೆ ಸೇರಿಸೋಣವೆಂದು ಪೆನ್ನು ಹಿಡಿದು ಕೂತೆ. ಜನನಾಯಕರೇ ಎಂದು ಬರೆದ ಮೇಲೆ ಕೈ ತಾನಾಗಿ ಸ್ವಾಗತ ಎಂದೇ ಬರೆಯುತ್ತದೆ. ನಿನ್ನೆ ಸಂಘದ ಕಾರ್ಯದರ್ಶಿಗಳ ಫೋನು: "ಸರ್, ಅದೇ ಹಾಡು ತಾನೇ? ಹೆಸರು ಮಾತ್ರ ಚೇಂಜು?"

ಕಾರ್ಯದರ್ಶಿಗಳೇ, ನೀವು ಈ ಅಂಕಣ ಓದುತ್ತೀರೆಂದು ಗೊತ್ತು. ದಯವಿಟ್ಟು ಒಂದು ಉಪಕಾರ ಮಾಡುತ್ತೀರಾ? ಶನಿವಾರದೊಳಗೆ ನನ್ನ ಹಾಡನ್ನು ನಿಷೇಧಿಸಿಬಿಡಿ.