ಲುವಕ್ಕನ ಭಾರದ ಕಣ್ಣು

ನಾಮ್‌ದಿನ್ ಊರಿನ ನಮ್ಮ ಓಣಿಯಲ್ಲಿ ಫುಟ್‌ಬಾಲ್ ಹುಚ್ಚು ಯಾರಿಗೆ ಹೆಚ್ಚು ಎಂದು ಕೇಳಿದರೆ ಗಂಡಸರೆಲ್ಲ ಎದೆ ತಟ್ಟಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಆ ಹುಚ್ಚಿನಲ್ಲಿ ಮೊದಲನೆಯವಳು ಓಣಿಯ ಬಾಯಲ್ಲಿ ಕೂತು ಅಂಟಕ್ಕಿಯ ಅನ್ನ ಮಾರುವ ಲುವಕ್ಕ. ನಾನು ಕೂದಲು ಕತ್ತರಿಸುವವಳು, ನನ್ನ ಅಂಗಡಿ ಅವಳ ಬುಟ್ಟಿಗೆ ಎದುರಾಗಿಯೇ ಇದೆ, ಹಾಗಾಗಿ ಈ ಮಾತು ಹೇಳುವ ಹಕ್ಕು ನನಗಿದೆ. ಬಾಳೆ ಎಲೆಗೆ ಬಿಸಿ ಅನ್ನ ಹಾಕಿ, ಮೇಲೆ ಹಂದಿ ಮಾಂಸದ ತುಂಡು ಹರಡಿ, ಗೊಜ್ಜು ಸುರಿಯುವಷ್ಟರಲ್ಲಿ ಅವಳು ಹಿಂದಿನ ದಿನದ ಆಟವನ್ನು ಪೂರ್ತಿ ಬಿಡಿಸಿ ಇಡುತ್ತಾಳೆ. ನಮ್ಮೂರಿನ ತಂಡದ ಎಡಗಡೆಯ ಹುಡುಗ ಚೆಂಡು ಕಳೆದುಕೊಂಡಿದ್ದರೆ ಅದರ ಬೈಗುಳ ಪಾಪದ ಗಿರಾಕಿಗೆ ಬೀಳುತ್ತದೆ.

ತಮಾಷೆಯೆಂದರೆ, ಆ ಆಟವನ್ನು ಅವಳು ನೋಡಿರುವುದೇ ಇಲ್ಲ. ನೋಡಲು ಬಿಟ್ಟರಲ್ಲವೇ!

ಕೆಲವರ ಜೀವ ಹಗುರ, ಕೆಲವರದ್ದು ಭಾರ ಎಂದು ನಮ್ಮವರು ನಂಬುತ್ತಾರೆ. ಭಾರದವರು ಬೆಳಗ್ಗೆ ಮೊದಲ ಗಿರಾಕಿಯಾಗಿ ಬಂದರೆ, ಅವರು ಅತ್ತ ಹೋದ ಮೇಲೆ ಅಂಗಡಿಯವರು ಇತ್ತ ಅಪಶಕುನ ಕಳೆಯಲೆಂದು ಕಾಗದ ಸುಟ್ಟು ಬೆಂಕಿ ದಾಟುತ್ತಾರೆ. ಲುವಕ್ಕನ ಕಣ್ಣು ಭಾರ ಎಂದು ಓಣಿ ತೀರ್ಪು ಕೊಟ್ಟು ಎಷ್ಟೋ ವರ್ಷವಾಯಿತು. ಬೈಕ್ ರಿಪೇರಿ ಮಾಡುವ ಬಾಂಗಣ್ಣನ ಅಂಗಡಿಯಲ್ಲಿ ದೊಡ್ಡ ಟಿವಿ ಇದೆ. ಒಮ್ಮೆ ದೇಶದ ತಂಡ ಸೆಮಿಫೈನಲ್ ಆಡುತ್ತಿದ್ದಾಗ ಅವಳು ಅಲ್ಲಿ ಬಂದು ಕೂತಳು. ಕೂತ ತಕ್ಷಣ ನಮ್ಮ ಮೇಲೆ ಗೋಲಾಯಿತು. ಎದ್ದು ಹೋದಳು, ಸಮ ಆಯಿತು. ತಡೆಯಲಾರದೆ ಬಾಗಿಲಲ್ಲಿ ಇಣುಕಿದಳು, ನಮ್ಮವನು ಪೆನಾಲ್ಟಿಯನ್ನು ಹೊರಗೆ ಹೊಡೆದ. ಬಾಂಗಣ್ಣನಿಗೆ ಅಷ್ಟೇ ಸಾಕಾಯಿತು.

“ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ. ಆಟದ ಹೊತ್ನಲ್ಲಿ ಕೆರೆ ಕಡೆ ಸುತ್ತಾಡ್ಕೊಂಡ್ ಬಾ,” ಎಂದ.

ಅಂದಿನಿಂದ ಆಟವಿದ್ದಾಗಲೆಲ್ಲ ಲುವಕ್ಕ ಕೆರೆ ಸುತ್ತುತ್ತಾಳೆ. ಕೆರೆಯ ದಂಡೆಗೆ ಊರಿನ ಕ್ರೀಡಾಂಗಣದ ಗದ್ದಲ ಚೆನ್ನಾಗಿ ಕೇಳುತ್ತದೆ. “ಗದ್ಲ ಮೇಲೆದ್ದು ತಟ್ಟಂತ ನಿಂತ್ರೆ ಗೋಲ್‌ಕೀಪರ್ ಹಿಡ್ದ ಅಂತ. ಮೇಲೆದ್ದು ‘ಅಯ್ಯೋ’ ಅಂತ ಇಳಿದ್ರೆ ಕಂಬಕ್ಕೆ ಬಡೀತು ಅಂತ,” ಎಂದು ನನಗೆ ಪಾಠ ಹೇಳುತ್ತಿದ್ದಳು. ಕಿವಿಯಲ್ಲಿ ನೋಡಿದ ಆಟವನ್ನೇ ಮರುದಿನ ಬಾಯಲ್ಲಿ ಆಡುತ್ತಿದ್ದಳು. ಅವಳಿಗೆ ನಗು, ನನಗೆ ಮೈ ಉರಿ.

ಮೈ ಉರಿಯಲು ಇನ್ನೊಂದು ಕಾರಣವಿತ್ತು. ಲುವಕ್ಕನ ಒಬ್ಬಳೇ ಮಗಳು ಮಿಯೆನ್ ಪಕ್ಕದ ಜಿಲ್ಲೆಯ ಹೆಂಗಸರ ತಂಡದಲ್ಲಿ ಆಡುತ್ತಾಳೆ, ದೇಶದ ತಂಡಕ್ಕೂ ಆಡುತ್ತಾಳೆ. ಐದನೇ ನಂಬರ್, ಹಿಂದೆ ನಿಂತು ತಡೆಯುವವಳು. ಗಂಡ ತೀರಿಕೊಂಡ ಮೇಲೆ ಅನ್ನದ ಬುಟ್ಟಿ ಹೊತ್ತು ಆ ಹುಡುಗಿಯನ್ನು ಬೆಳೆಸಿದವಳು, ಓಣಿಯ ಗಂಡುಹುಡುಗರ ಜೊತೆ ಆಡಬೇಡ ಎಂದವರ ಬಾಯಿ ಮುಚ್ಚಿಸಿದವಳು ಈ ತಾಯಿ. ಆದರೆ ಮಗಳ ಒಂದೇ ಒಂದು ಆಟವನ್ನೂ ಅವಳು ನೋಡಿರಲಿಲ್ಲ. ಟಿವಿಯಲ್ಲಿ ಕೂಡ ಇಲ್ಲ. ಬೇರೆಯವರ ತಂಡವಾದರೆ ನಕ್ಕು ಹೋಗಬಹುದು, ಮಗಳ ವಿಷಯದಲ್ಲಿ ಹೇಗೆ ಧೈರ್ಯ ಬಂದೀತು?

ಈ ವರ್ಷದ ಲೀಗ್‌ನಲ್ಲಿ ನಮ್ಮೂರಿನ ತಂಡಕ್ಕೆ ಏನು ಹಿಡಿದಿತ್ತೋ, ಗೆದ್ದದ್ದೇ ಗೆದ್ದದ್ದು. ಹೊಸವರ್ಷದ ಟೆಟ್ ಹಬ್ಬ ಮುಗಿದು ಬಿಸಿಲು ಏರುವ ಹೊತ್ತಿಗೆ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಯ ದಿನಕ್ಕೆ ಬಂದಾಗ ಲೆಕ್ಕ ಸುಲಭವಾಗಿತ್ತು: ನಾವು ನಮ್ಮ ಆಟ ಗೆಲ್ಲಬೇಕು, ದಕ್ಷಿಣದ ಹಸಿರಂಗಿಯವರು ಅವರ ಆಟ ಗೆಲ್ಲಬಾರದು. ಎರಡೂ ಒಂದೇ ಹೊತ್ತಿಗೆ, ಬೇರೆ ಬೇರೆ ಊರಿನಲ್ಲಿ.

ಬೆಳಗ್ಗೆಯೇ ಬಾಂಗಣ್ಣ ಗ್ರೀಸ್ ಕೈ ಒರೆಸಿಕೊಳ್ಳುತ್ತಾ ಬಂದ. “ಲುವಕ್ಕಾ, ಇವತ್ತು ಕೆರೆಗೆ ಹೋಗ್ಬೇಡ. ನೀನು ಆಟ ನೋಡ್ಬೇಕು.”

ಲುವಕ್ಕನ ಕೈಯಲ್ಲಿದ್ದ ಬಾಳೆ ಎಲೆ ಜಾರಿತು. “ನಾನಾ? ನಿಜವಾಗ್ಲೂ?”

“ನಮ್ದಲ್ಲ, ಹಸಿರಂಗಿಯವ್ರದ್ದು. ಅವ್ರೇ ಗೆಲ್ಲಲಿ ಅಂತ ಕೂಗ್ಬೇಕು. ಮನಸ್ಸಿಟ್ಟು ಕೂಗ್ಬೇಕು ಅಕ್ಕ, ಕಳ್ಳಾಟ ಆಡ್ಬಾರ್ದು.”

“ಥೂ, ನಿನ್ ಬುದ್ಧಿಗಿಷ್ಟು!” ಎಂದೆ ನಾನು. “ಅಕ್ಕ ಏನು ಫಿರಂಗೀನಾ, ಬೇಕಾದ್ ಕಡೆ ತಿರುಗ್ಸಿ ಹೊಡೆಯೋಕೆ?”

“ಸುಮ್ನಿರೇ,” ಎಂದಳು ಲುವಕ್ಕ. ಅವಳ ಮುಖ ಅರಳಿತ್ತು. “ಯಾರದ್ದಾದ್ರೇನು, ಒಂದು ಆಟ ನೋಡೋಕ್ ಸಿಗುತ್ತಲ್ಲ.”

ಹಸಿರು ಅಂಗಿ ಯಾರ ಮನೆಯಲ್ಲೂ ಸಿಗಲಿಲ್ಲ. ಕೊನೆಗೆ ಬೈಕ್ ಸವಾರರ ಹಸಿರು ಮಳೆಕೋಟು ತಂದು ತೊಡಿಸಿದರು. ಜೂನ್ ತಿಂಗಳ ಆ ಸೆಕೆಯಲ್ಲಿ, ನನ್ನ ಅಂಗಡಿಯ ಕನ್ನಡಿಗೆ ಒರಗಿಸಿಟ್ಟ ಫೋನಿನ ಮುಂದೆ, ಲುವಕ್ಕ ಮಳೆಕೋಟು ಹಾಕಿಕೊಂಡು ಬೆವರು ಸುರಿಸುತ್ತಾ ಕೂತಳು. ಮೊದಲು ಕೂಗಲು ನಾಚಿಕೆ. ಆಮೇಲೆ ಶುರುವಾಯಿತು ನೋಡಿ! “ಹೊಡೀ ಕಂದಾ! ಎಡಗಡೆ ಯಾರೂ ಇಲ್ಲ ಕಣೋ, ಎಡಗಡೆ!” ಅಷ್ಟು ವರ್ಷ ಕಟ್ಟಿಟ್ಟಿದ್ದ ಕೂಗು ಆ ಹಸಿರಂಗಿಯವರ ಪಾಲಾಯಿತು. ಅವರು ಗೋಲು ಹೊಡೆದಾಗ ಅವಳು ನಿಜವಾಗಿಯೂ ಕುಣಿದಳು. ಬಾಗಿಲಲ್ಲಿ ಕಾವಲಿದ್ದ ಬಾಂಗಣ್ಣ ತಲೆ ಹಿಡಿದುಕೊಂಡು ಕುಕ್ಕರಿಸಿದ. ಇನ್ನೇನು ಮುಗಿಯಬೇಕು ಎನ್ನುವಾಗ ಹಸಿರಂಗಿಯ ಗೋಲ್‌ಕೀಪರ್ ಕೈಗೆ ಬಂದ ಚೆಂಡನ್ನು ಬಿಟ್ಟ. ಅದು ಅವನ ಕಾಲ ಸಂದಿಯಲ್ಲಿ ಉರುಳಿ ಗೆರೆ ದಾಟಿತು, ಅವರ ಆಟ ಸಮವಾಯಿತು. ಅದೇ ಗಳಿಗೆಗೆ ಇತ್ತ ನಮ್ಮವರೂ ಗೆದ್ದು, ನಮ್ಮ ಕ್ರೀಡಾಂಗಣದಿಂದ ಎದ್ದ ಕೂಗಿಗೆ ನನ್ನ ಅಂಗಡಿಯ ಬಾಚಣಿಗೆಗಳೆಲ್ಲ ಅಲುಗಿದವು.

ಆಮೇಲೆ ಊರಿಗೆ ಊರೇ ಬೀದಿಗೆ ಬಿತ್ತು. ಬೈಕುಗಳ ಮೇಲೆ ಮೂವರು, ನಾಲ್ವರು. ಕೈಯಲ್ಲಿ ಬಾವುಟ, ತಪ್ಪಲೆ, ಬಾಣಲೆ. ಲುವಕ್ಕನ ಅನ್ನದ ಹಬೆಪಾತ್ರೆಯ ಮುಚ್ಚಳವನ್ನೂ ಯಾರೋ ಬಡಿದು ಬಡಿದು ನಗ್ಗಿಸಿದರು. ಬಾಂಗಣ್ಣನ ಬೈಕಿನ ಹಿಂದೆ ಮಳೆಕೋಟಿನಲ್ಲೇ ಕೂತು ಅವಳು ಊರೆಲ್ಲ ಸುತ್ತಿದಳು. “ಇವ್ಳೇ ಕಣ್ರೋ ಚಾಂಪಿಯನ್!” ಎಂದು ಗಂಡಸರು ಕೂಗುತ್ತಿದ್ದರು. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ, ಅಂಥ ಸಂತೋಷ.

ಮರುದಿನ ಲುವಕ್ಕ ಮಂಕಾಗಿದ್ದಳು. ಗಿರಾಕಿಗಳಿಗೆ ಆಟದ ಸುದ್ದಿ ಹೇಳಲಿಲ್ಲ. ನಾನು ಕೆದಕಿದೆ.

“ಇಷ್ಟು ದಿನ ಇವ್ರಿಗೆಲ್ಲ ಹುಚ್ಚು ಅಂದ್ಕೊಂಡಿದ್ದೆ ಕಣೇ,” ಎಂದಳು. “ನಿನ್ನೆ ನಾನು ಮನಸಾರೆ ಆ ಹುಡುಗ್ರು ಗೆಲ್ಲಲಿ ಅಂದೆ. ಆ ಗೋಲ್‌ಕೀಪರ್ ಎಂಥಾ ಚೆಂಡು ಬಿಟ್ಟ ನೋಡಿದ್ಯಾ? ಅಂದ್ರೆ ನಿಜಾನೇ. ನನ್ ಕಣ್ಣು ಭಾರಾನೇ.”

ನಾನು ಎಷ್ಟು ಬಡಿದುಕೊಂಡರೂ ಅವಳ ತಲೆಗೆ ಹೋಗಲಿಲ್ಲ.

ಆಗಸ್ಟ್‌ನಲ್ಲಿ ಆಗ್ನೇಯ ಏಷ್ಯಾದ ಹೆಂಗಸರ ಕಪ್ ನಮ್ಮ ದೇಶದಲ್ಲೇ ನಡೆಯಿತು. ಮಿಯೆನ್‌ಳ ತಂಡ ಒಂದೊಂದೇ ಆಟ ಗೆದ್ದು ಫೈನಲ್‌ಗೆ ಬಂತು. ಎದುರಿಗೆ ಥಾಯ್ಲೆಂಡ್, ಜಾಗ ಹಾಯ್‌ಫೋಂಗ್. ಮಿಯೆನ್ ಫೋನ್ ಮಾಡಿದಾಗ ಲುವಕ್ಕ ನನ್ನ ಅಂಗಡಿಯಲ್ಲಿ ತಲೆ ತೊಳೆಸಿಕೊಳ್ಳುತ್ತಿದ್ದಳು. ನನ್ನ ಕೈಗೆಲ್ಲ ನೊರೆ, ಹಾಗಾಗಿ ಫೋನ್ ಸ್ಪೀಕರ್‌ನಲ್ಲಿಟ್ಟೆ.

“ಅಮ್ಮಾ, ಇದೇ ನನ್ನ ಕೊನೇ ಆಟ. ಮಂಡಿ ಹೋಗಿದೆ. ಡಾಕ್ಟ್ರು ಸಾಕು ನಿಲ್ಸು ಅಂದಿದ್ದಾರೆ. ಬರ್ತೀಯಾ, ಇಲ್ವಾ?”

“ನಿನ್ ಒಳ್ಳೇದಕ್ಕೇ ಬರಲ್ಲ ಅಂತಿರೋದು ಮಗಳೇ.”

“ಎಲ್ಲಾ ಹುಡ್ಗೀರ ಅಮ್ಮಂದಿರೂ ಬರ್ತಾರೆ. ಹೋಗ್ಲಿ ಬಿಡು. ನಿನ್ನಿಷ್ಟ.”

ಫೋನ್ ಇಟ್ಟುಬಿಟ್ಟಳು. ಲುವಕ್ಕನ ಕಣ್ಣಿಗೆ ನೊರೆ ಹೋಯಿತೋ ಏನೋ, ಬಹಳ ಹೊತ್ತು ಟವೆಲ್ ತೆಗೆಯಲಿಲ್ಲ.

ಇದಕ್ಕೂ ಬಾಂಗಣ್ಣನೇ ಉಪಾಯ ತಂದ. ಓಣಿಯವರೆಲ್ಲ ಬಸ್ ಮಾಡಿಕೊಂಡು ಹೋಗುವುದು. ಲುವಕ್ಕನಿಗೆ ಥಾಯ್ ತಂಡದ ನೀಲಿ ಅಂಗಿ ಹಾಕಿ, ಥಾಯ್ ಜನ ಕೂರುವ ಕಡೆ ಕೂರಿಸಿ, ಅವರ ಪರವಾಗಿ ಕೂಗಿಸುವುದು. ನನಗೆ ಕೋಪ ತಡೆಯಲಾಗಲಿಲ್ಲ. “ಹೆತ್ತವಳ ಬಾಯಲ್ಲಿ ಮಗಳು ಸೋಲ್ಲಿ ಅನ್ನಿಸ್ತೀಯಾ? ನಿನ್ ಬೈಕಿನ ಎಣ್ಣೆ ತಲೆಗೇರಿದ್ಯಾ?” ಎಂದು ಕತ್ತರಿ ಹಿಡಿದೇ ಎದ್ದೆ.

ಲುವಕ್ಕ ನನ್ನ ಕೈ ಹಿಡಿದಳು. “ನೀಲಿ ಅಂಗಿ ಹಾಕ್ಕೊಂಡ್ರೆ ನನ್ನ ಒಳಗೆ ಕೂರಿಸ್ತೀರಾ?” ಎಂದು ಬಾಂಗಣ್ಣನನ್ನು ಕೇಳಿದಳು. “ಪೂರ್ತಿ ಆಟ?”

“ಪೂರ್ತಿ ಅಕ್ಕ.”

“ಹಂಗಾದ್ರೆ ತಗೊಂಡ್ ಬಾ.”

ಹೀಗೆ ಲುವಕ್ಕನೂ ಅವಳಿಗೆ ಜೊತೆಯಾಗಿ ನಾನೂ ನೀಲಿ ಅಂಗಿಯಲ್ಲಿ ಥಾಯ್ ಜನರ ನಡುವೆ ಕೂತೆವು. ಅವರಿಗೆ ಖುಷಿಯೋ ಖುಷಿ, ನಮಗೆ ಒಣಗಿಸಿದ ಮಾವಿನಹಣ್ಣು ಕೊಟ್ಟರು. ಪಕ್ಕದ ಜಾಲರಿಯ ಆಚೆ ನಮ್ಮ ಓಣಿ, ಹಣೆಗೆ ಕೆಂಪು ಪಟ್ಟಿ ಕಟ್ಟಿಕೊಂಡು. ತಂಡಗಳು ಮೈದಾನಕ್ಕೆ ಬಂದವು. ಐದನೇ ನಂಬರಿನ ಹುಡುಗಿ, ಮಂಡಿಗೆ ಬಿಳಿ ಪಟ್ಟಿ. ಲುವಕ್ಕ ನನ್ನ ತೊಡೆ ಚಿವುಟಿದಳು. “ಎಷ್ಟು ಎತ್ತರ ಇದ್ದಾಳೆ ಅಲ್ವೇನೇ! ಮನೇಲಿ ಇಷ್ಟು ಎತ್ತರ ಕಾಣಲ್ಲ!”

ಮಾತು ಕೊಟ್ಟ ಹಾಗೆ “ಥಾಯ್ಲೆಂಡ್! ಥಾಯ್ಲೆಂಡ್!” ಎಂದು ಕೂಗಿದಳು. ಕೂಗುತ್ತಾ ಕೂಗುತ್ತಾ ಕಣ್ಣು ಮಾತ್ರ ಐದನೇ ನಂಬರಿನ ಮೇಲೆ. ಅರ್ಧ ಆಟಕ್ಕೆ ಮೊದಲೇ ನಮ್ಮವರು ಗೋಲು ಹೊಡೆದರು. ಜಾಲರಿಯ ಆಚೆಯಿಂದ ಬಾಂಗಣ್ಣ ಎರಡೂ ಹೆಬ್ಬೆರಳು ಎತ್ತಿ ಕುಣಿದ. “ಹಂಗೇ ಅಕ್ಕಾ! ಹಂಗೇ ನೋಡ್ತಿರು!”

ಅರವತ್ತನೇ ನಿಮಿಷವಿರಬೇಕು. ಥಾಯ್ ತಂಡದ ಉದ್ದನೆಯ ಹುಡುಗಿಯೊಬ್ಬಳು ಚೆಂಡು ತೆಗೆದುಕೊಂಡು ನುಗ್ಗಿದಳು, ನಮ್ಮ ಗೋಲ್‌ಕೀಪರನ್ನೂ ದಾಟಿದಳು. ಮುಂದೆ ಬರೀ ಬಲೆ. ಅವಳು ಒದ್ದಳು. ಮೈದಾನದ ಅರ್ಧದಿಂದ ಓಡಿ ಬಂದ ಮಿಯೆನ್, ಆ ಕೆಟ್ಟ ಮಂಡಿಯ ಮೇಲೆಯೇ ಜಾರಿ, ಗೆರೆಯ ಮೇಲಿದ್ದ ಚೆಂಡನ್ನು ಕಾಲ ತುದಿಯಲ್ಲಿ ಆಚೆ ತಳ್ಳಿದಳು.

“ಮಿಯೆನ್!” ಲುವಕ್ಕ ಕುರ್ಚಿಯ ಮೇಲೆ ನಿಂತಿದ್ದಳು. “ನನ್ ಮಗಳು ಕಣ್ರೋ! ಅದು ನನ್ ಮಗಳು! ಭೇಷ್ ನನ್ ಬಂಗಾರಾ!”

ಥಾಯ್ ಜನ ಬಾಯಿ ಬಿಟ್ಟು ನೋಡಿದರು. ಅವಳು ನೀಲಿ ಅಂಗಿಯನ್ನು ಎಲ್ಲರ ಎದುರೇ ತಲೆ ಮೇಲಿಂದ ಕಿತ್ತು, ಒಳಗಿನ ರವಿಕೆಯಲ್ಲೇ ನಿಂತು, ಅಂಗಿಯ ಒಳಭಾಗ ಹೊರಗೆ ಮಾಡಿ ಮತ್ತೆ ತೊಟ್ಟಳು. “ಸಾಕು ಈ ನಾಟಕ,” ಎಂದಳು. ನನಗೆ ಅಳು ಬಂತು, ನಗುವೂ ಬಂತು.

ಮರುಕ್ಷಣದ ಕಾರ್ನರ್‌ನಲ್ಲಿ ಥಾಯ್ಲೆಂಡ್ ಗೋಲು ಹೊಡೆಯಿತು.

ಓಣಿಗೆ ಓಣಿಯೇ ಜಾಲರಿಯ ಕಡೆ ತಿರುಗಿತು. “ಲುವಕ್ಕಾ! ಹೊರಗೆ ಹೋಗು! ದಮ್ಮಯ್ಯ, ಹೊರಗೆ ಹೋಗು!” ಬಾಂಗಣ್ಣ ಜಾಲರಿ ಹಿಡಿದು ಅಲುಗಿಸುತ್ತಿದ್ದ.

ಅವಳ ಮುಖ ಬೆಳ್ಳಗಾಗಿತ್ತು. ಎದ್ದೇಬಿಟ್ಟಳು ಎಂದುಕೊಂಡೆ. ಆದರೆ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. “ಹೋಗಲ್ಲ. ಇನ್ನೊಂದಾಟ ಇದ್ದಿದ್ರೆ ಹೋಗ್ತಿದ್ದೆ. ಅವ್ಳಿಗೆ ಇನ್ನೊಂದಿಲ್ಲ.”

ಅಲ್ಲಿಂದ ಮುಂದೆ ಉಸಿರಾಡಿದ್ದು ನನಗೆ ನೆನಪಿಲ್ಲ. ಹೆಚ್ಚುವರಿ ಸಮಯವೂ ಸಮ, ಕೊನೆಗೆ ಪೆನಾಲ್ಟಿ. ಎರಡೂ ಕಡೆ ನಾಲ್ಕು ನಾಲ್ಕು ಒಳಗೆ ಹೋದವು. ಥಾಯ್ಲೆಂಡಿನ ಐದನೆಯದೂ ಒಳಗೆ. ನಮ್ಮ ಐದನೆಯದಕ್ಕೆ ಕುಂಟುತ್ತಾ ಬಂದವಳು ಮಿಯೆನ್. ಓಣಿಯವರು ಲುವಕ್ಕನಿಗೆ ಕಣ್ಣು ಮುಚ್ಚಿಕೋ ಎಂದು ಕೂಗುತ್ತಿದ್ದರು. ಅವಳು ರೆಪ್ಪೆ ಕೂಡ ಬಡಿಯಲಿಲ್ಲ.

ಚೆಂಡು ಅಡ್ಡಕಂಬದ ಮೇಲಿಂದ ಹಾರಿಹೋಯಿತು.

ನಮ್ಮ ಸುತ್ತ ಥಾಯ್ ಜನ ಕುಣಿಯುತ್ತಿದ್ದರು. ನಾನು ಲುವಕ್ಕನನ್ನು ಎಳೆದುಕೊಂಡು ಮೈದಾನದ ತಂತಿಬೇಲಿಯ ಹತ್ತಿರ ಇಳಿದೆ. ಓಣಿಯವರೂ ಬಂದರು. ಬಾಂಗಣ್ಣನ ಕಣ್ಣಲ್ಲಿ ನೀರು. “ಬಡ್ಕೊಂಡೆ ಅಕ್ಕ, ಎದ್ದು ಹೋಗು ಅಂತ ಬಡ್ಕೊಂಡೆ...” ಎಂದು ಗೊಣಗುತ್ತಿದ್ದ.

ಮಿಯೆನ್ ಕುಂಟುತ್ತಾ ಬೇಲಿಗೆ ಬಂದಳು. ತಾಯಿಯ ಅಂಗಿಯ ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ಅದನ್ನು ಮೇಲಿಂದ ಕೆಳಗೆ ನೋಡಿದಳು.

“ತಪ್ಪಾಯ್ತು ಮಗಳೇ,” ಎಂದಳು ಲುವಕ್ಕ. “ನಾನು ನೋಡ್ಬಾರ್ದಿತ್ತು.”

“ಒದ್ದೋಳು ನಾನಮ್ಮ! ಮಂಡಿ ತಿರುಗ್ಲಿಲ್ಲ, ಮೇಲೆ ಹೋಯ್ತು. ಅದನ್ನೂ ನೀನೇ ತಗೊಂಡ್ರೆ ನಾನೇನ್ ಆಡಿದ್ ಹಂಗಾಯ್ತು?” ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ಹಣೆ ಒರಗಿಸಿದಳು. ದನಿ ಇಳಿಯಿತು. “ಅದಿರ್ಲಿ. ಗೆರೆ ಮೇಲಿಂದ ಒಂದು ಚೆಂಡು ತೆಗೆದೆನಲ್ಲ. ಅದನ್ನ ನೋಡಿದ್ಯಾ?”

“ನೋಡ್ದೆ ಇರ್ತೀನಾ!” ಲುವಕ್ಕನ ಮುಖಕ್ಕೆ ರಕ್ತ ವಾಪಸ್ಸು ಬಂತು. “ಆ ಉದ್ದದವ್ಳು ಹಿಂಗೆ ನುಗ್ಗಿದ್ಲು. ನೀನು ಎಲ್ಲೋ ಅಲ್ಲಿದ್ದೆ, ಆ ದೀಪದ ಕಂಬದ ನೇರಕ್ಕೆ. ಮುಗೀತು ಅಂದ್ಕೊಂಡೆ. ಓಡ್ದೆ ನೋಡು! ಹಿಂಗೆ, ಈ ಕಾಲು ಮಡ್ಸಿ...” ಎಂದು ಆ ಗಟ್ಟಿ ಸಿಮೆಂಟಿನ ಮೇಲೆಯೇ, ಐವತ್ತೆಂಟರ ಹೆಂಗಸು, ಒಂದು ಕಾಲು ಮಡಿಸಿ ಇನ್ನೊಂದು ಕಾಲು ಚಾಚಿ ಜಾರಿ ತೋರಿಸಿದಳು. ಬಾಂಗಣ್ಣ ಅವಳು ಬೀಳದಂತೆ ರಟ್ಟೆ ಹಿಡಿದುಕೊಂಡ.

ಮಿಯೆನ್‌ಳ ಕೆನ್ನೆಯೆಲ್ಲ ಒದ್ದೆ. ತಂತಿ ಹಿಡಿದುಕೊಂಡು ನಗುತ್ತಿದ್ದಳು. ಆಚೆ ಕಡೆ ಅವಳನ್ನು ಪದಕ ತೆಗೆದುಕೊಳ್ಳಲು ಕರೆಯುತ್ತಿದ್ದರು.

“ಇನ್ನೊಂದ್ಸಲ ಹೇಳಮ್ಮ,” ಎಂದಳು.

ಲುವಕ್ಕ ಅಂಗಿಯ ಧೂಳು ಕೊಡವಿಕೊಂಡು ಎದ್ದು, ಉದ್ದದ ಹುಡುಗಿ ಚೆಂಡು ಹಿಡಿದಲ್ಲಿಂದ ಮತ್ತೆ ಶುರು ಮಾಡಿದಳು.